ತಲೆಗೆ ಬಿದ್ದ ಪೆಟ್ಟುಗಳ ಲೆಕ್ಕ

ಅಮೆರಿಕದಲ್ಲಿ ‘ಫುಟ್‌ಬಾಲ್’ ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವ ಆಟಕ್ಕೂ ನಮ್ಮ ಶಾಲೆಗಳ ಬಯಲಿನಲ್ಲಿ ಹುಡುಗರು ಆಡುವ ಕಾಲ್ಚೆಂಡಾಟಕ್ಕೂ ಹೆಸರಿನ ಹೊರತು ಹೆಚ್ಚಿನ ಸಾಮ್ಯವಿಲ್ಲ. ಅಲ್ಲಿಯ ಚೆಂಡು ಮೊಟ್ಟೆಯಾಕಾರದ್ದು. ಅದನ್ನು ಬಹುಮಟ್ಟಿಗೆ ಕೈಯಲ್ಲಿಯೇ ಹಿಡಿದು ಓಡುತ್ತಾರೆ, ಇಲ್ಲವೆ ಎಸೆಯುತ್ತಾರೆ. ಓಡುವವನ ಮೈಮೇಲೆ ಬಿದ್ದು ಎದುರು ಪಕ್ಷದವರು ಅವನನ್ನು ಕೆಡವುತ್ತಾರೆ. ಹಾಗೆ ಕೆಡವುವುದು ನಿಯಮಭಂಗವಲ್ಲ, ಅದೇ ಆಟ. ಪ್ರತಿಯೊಂದು ಸರದಿಯ ಆರಂಭದಲ್ಲಿಯೂ ನೂರು, ನೂರನಲವತ್ತು ಕಿಲೋಗ್ರಾಂ ತೂಕದ ಆಳುಗಳು ಎರಡು ಸಾಲುಗಳಾಗಿ ಎದುರುಬದುರಾಗಿ ಬಗ್ಗಿ ನಿಂತು, ಸಂಜ್ಞೆಯಾದೊಡನೆ ಕಾಳಗದ ಟಗರುಗಳಂತೆ ಪರಸ್ಪರ ಹಾಯುತ್ತಾರೆ. ಟಗರಿಗೆ ಕೊಂಬುಂಟು; ಮನುಷ್ಯನು ಶಿರಸ್ತ್ರಾಣವನ್ನು ಧರಿಸುತ್ತಾನೆ.

ಇಂಥ ಆಟದಲ್ಲಿ ತಲೆಗೆ ಪೆಟ್ಟು ಬೀಳುವುದು ಆಶ್ಚರ್ಯವಲ್ಲ. ಒಮ್ಮೆ, ಎರಡು ಸಲ, ಮೂರು ಸಲ ಪೆಟ್ಟು ತಿಂದು ಕಣ್ಣು ಕತ್ತಲೆಗಟ್ಟಿ ಬಿದ್ದ ಆಟಗಾರನು ಮುಂದೇನು ಮಾಡಬೇಕು? ಅವನಿಗೆ ಆಗ ಇಪ್ಪತ್ತೈದೋ ಇಪ್ಪತ್ತೆಂಟೋ ವಯಸ್ಸು. ಆಟವನ್ನು ಮುಂದುವರಿಸಿದರೆ ಹಣವೂ ಕೀರ್ತಿಯೂ ಉಂಟು. ಬಿಟ್ಟರೆ ಬಾಲ್ಯದಿಂದ ಕಲಿತ ಒಂದೇ ವಿದ್ಯೆಯನ್ನು ಅರ್ಧದಲ್ಲಿ ತೊರೆದಂತೆ. ‘ಎಷ್ಟು ಪೆಟ್ಟುಗಳಾದ ಮೇಲೆ ನಿಲ್ಲಿಸಬೇಕು?’ ಎಂದು ಆತ ವೈದ್ಯರನ್ನು ಕೇಳುತ್ತಾನೆ. ಈ ಪ್ರಶ್ನೆಗೆ ವಿಜ್ಞಾನವು ಏನು ಉತ್ತರ ಕೊಡುತ್ತದೆ, ಆ ಪ್ರಶ್ನೆಯೇ ಸರಿಯಾಗಿದೆಯೇ ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಮೊದಲು ಪೆಟ್ಟಿನ ಸ್ವರೂಪವನ್ನು ತಿಳಿದುಕೊಳ್ಳಬೇಕು. ತಲೆ ರಭಸದಿಂದ ಅದುರಿದಾಗ ಮಿದುಳಿನ ಕೆಲಸವು ತಾತ್ಕಾಲಿಕವಾಗಿ ಕೆಡುವುದನ್ನು ವೈದ್ಯರು ‘ಕನ್‌ಕಷನ್’ ಎನ್ನುತ್ತಾರೆ. ಇದು ಲ್ಯಾಟಿನ್ ಮೂಲದ ಮಾತು. ಬಲವಾಗಿ ಅಲುಗಾಡಿಸುವುದು ಎಂದು ಅದರ ಅರ್ಥ. ಪೆಟ್ಟು ತಿಂದವನಿಗೆ ತಲೆನೋವು, ತಲೆಸುತ್ತು, ಓಕರಿಕೆ ಉಂಟಾಗಬಹುದು; ಬೆಳಕನ್ನು ನೋಡಲಾಗದಿರಬಹುದು; ಈಗತಾನೇ ನಡೆದುದು ಮರೆತುಹೋಗಬಹುದು. ಪ್ರಜ್ಞೆ ತಪ್ಪಿದರೆ ಮಾತ್ರ ಕನ್‌ಕಷನ್ ಎಂಬ ನಂಬಿಕೆ ಜನರಲ್ಲಿದೆ. ಅದು ತಪ್ಪು. ಬಹುತೇಕ ಸಂದರ್ಭಗಳಲ್ಲಿ ಪ್ರಜ್ಞೆ ತಪ್ಪುವುದೇ ಇಲ್ಲ. ಕ್ಷ-ಕಿರಣ ಚಿತ್ರದಲ್ಲಿಯೂ ಸಾಮಾನ್ಯವಾಗಿ ಏನೂ ಕಾಣುವುದಿಲ್ಲ; ಏಕೆಂದರೆ ಮುರಿದುದು ಯಾವ ಎಲುಬೂ ಅಲ್ಲ.

ಮನುಷ್ಯನ ಮಿದುಳು ಸುಮಾರು 1400 ಗ್ರಾಂ ತೂಕದ, ಬಹು ಮೆತ್ತನೆಯ ಪದಾರ್ಥ. ತಲೆಬುರುಡೆಯೊಳಗೆ ಅದು ತೆಳುವಾದೊಂದು ದ್ರವದ ನಡುವೆ ತೇಲುತ್ತಿರುತ್ತದೆ. ಬುರುಡೆಯು ಥಟ್ಟನೆ ಚಲಿಸಿದಾಗ ಜಡತ್ವದ ಕಾರಣದಿಂದ ಮಿದುಳು ಹಿಂದುಳಿಯುತ್ತದೆ. ಬುರುಡೆ ನಿಂತಾಗ ಮಿದುಳು ಇನ್ನೂ ಚಲಿಸುತ್ತಿರುತ್ತದೆ. ಇದು ಶಾಲಾ ಪಠ್ಯಗಳಲ್ಲಿರುವ ನ್ಯೂಟನ್ನನ ಮೊದಲನೆಯ ನಿಯಮವೇ. ಆದರೆ ನೇರ ಚಲನೆಗಿಂತ ಹೆಚ್ಚು ಅಪಾಯಕರವಾದುದು ತಿರುಗುವ ಚಲನೆ. ಇದನ್ನು ತಿಳಿಯಲು ವಾಚಕರು ಒಂದು ಸಣ್ಣ ಪ್ರಯೋಗವನ್ನು ಮಾಡಬಹುದು—ಅಡಿಗೆಮನೆಯ ಒಡತಿಯ ಅಪ್ಪಣೆ ಪಡೆದು. ಚೆನ್ನಾಗಿ ಹೆಪ್ಪಾದ ಮೊಸರಿರುವ ದುಂಡನೆಯ ಪಾತ್ರೆಯನ್ನು ಮೇಜಿನ ಮೇಲೆ ಮುಂದಕ್ಕೆ ಸರಿಸಿ ನಿಲ್ಲಿಸಿದರೆ ಮೊಸರಿಗೆ ಹೆಚ್ಚೇನೂ ಆಗುವುದಿಲ್ಲ. ಅದೇ ಪಾತ್ರೆಯನ್ನು ಅಂಚು ಹಿಡಿದು ಗಕ್ಕನೆ ತಿರುಗಿಸಿ ನಿಲ್ಲಿಸಿದರೆ, ಪಾತ್ರೆ ತಿರುಗಿದಷ್ಟು ಮೊಸರು ತಿರುಗದೆ, ಅದು ಪದರ ಪದರವಾಗಿ ಜಾರಿ, ಒಡೆದು ನೀರು ಬಿಟ್ಟುಕೊಳ್ಳುತ್ತದೆ.

ಆಕ್ಸ್‌ಫರ್ಡಿನ ಭೌತವಿಜ್ಞಾನಿ ಹೋಲ್‌ಬೋರ್ನ್ ಅವರು 1943ರಲ್ಲಿ ಮೊಸರಿನ ಬದಲು ಜೆಲಟಿನ್ನಿನಿಂದ ಮಾಡಿದ ಮಿದುಳಿನ ಮಾದರಿಗಳನ್ನು ಬಳಸಿ ಇದೇ ತತ್ತ್ವವನ್ನು ತೋರಿಸಿಕೊಟ್ಟರು. ಮಿದುಳನ್ನು ಅದುಮಿ ಕಿರಿದು ಮಾಡುವುದು ಕಷ್ಟ. ಆದರೆ ಅದರ ಒಂದು ಪದರವು ಇನ್ನೊಂದರ ಮೇಲೆ ಜಾರುವಂತೆ ಮಾಡುವುದು ಬಹು ಸುಲಭ. ಗದ್ದಕ್ಕೋ ಕಪಾಲದ ಪಕ್ಕಕ್ಕೋ ಬಿದ್ದ ಪೆಟ್ಟು ತಲೆಯನ್ನು ಕತ್ತಿನ ಮೇಲೆ ಗಿರಕ್ಕನೆ ತಿರುಗಿಸುವುದರಿಂದಲೇ ಅಂಥ ಪೆಟ್ಟಿಗೆ ಮಲ್ಲರು ಹೆಚ್ಚು ಬೇಗ ಉರುಳುತ್ತಾರೆ. ಶಿರಸ್ತ್ರಾಣದ ಮಿತಿಯೂ ಇದರಿಂದ ಸ್ಪಷ್ಟವಾಗುತ್ತದೆ. ಅಮೆರಿಕದ ರಾಷ್ಟ್ರೀಯ ಫುಟ್‌ಬಾಲ್ ಲೀಗು 1943ರಲ್ಲಿ ಅದನ್ನು ಕಡ್ಡಾಯಗೊಳಿಸಿತು. ಬುರುಡೆ ಬಿರಿಯುವ ಅಪಾಯವನ್ನು ಶಿರಸ್ತ್ರಾಣವು ಬಹಳಮಟ್ಟಿಗೆ ತಗ್ಗಿಸುತ್ತದೆ. ಆದರೆ ತಲೆ ತಿರುಗಿದಾಗ ಶಿರಸ್ತ್ರಾಣವೂ ಅದರೊಡನೆ ತಿರುಗುತ್ತದೆ. ಒಳಗಿನ ಮೊಸರಿಗೆ ಅದರಿಂದ ದೊರೆಯುವ ರಕ್ಷಣೆ ಅಲ್ಪ.

ಹೀಗೆ ಜಾರುವ ಪದರಗಳ ನಡುವೆ ಎಳೆತಕ್ಕೆ ಸಿಕ್ಕುವುವು ನರಕೋಶಗಳ ಉದ್ದನೆಯ ತಂತುಗಳು. ಎಳೆತದಿಂದ ಅವುಗಳ ಹೊರಪೊರೆ ಸಡಿಲಗೊಂಡು, ಕೋಶದೊಳಗಿನ ಪೊಟ್ಯಾಸಿಯಂ ಹೊರಗೆ ಸೋರುತ್ತದೆ. ಹೊರಗಿನ ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಕೋಶವು ಇವನ್ನು ಮತ್ತೆ ಸ್ವಸ್ಥಾನಕ್ಕೆ ಸೇರಿಸಬೇಕಾದರೆ ವಿಶೇಷ ಶಕ್ತಿ ಬೇಕು. ಶಕ್ತಿಗೆ ಗ್ಲೂಕೋಸು ಬೇಕು. ಆದರೆ ಸರಿಯಾಗಿ ಆ ಹೊತ್ತಿನಲ್ಲಿಯೇ ಮಿದುಳಿನ ರಕ್ತಸಂಚಾರವು ಕುಗ್ಗುತ್ತದೆ. ಖರ್ಚು ಏರಿದಾಗಲೇ ವರಮಾನ ಇಳಿದ ಸಂಸಾರದ ಪಾಡು ಅದರದು. ಈ ಅಡಚಣೆ ತೀರಲು ಕೆಲವು ದಿನಗಳಿಂದ ಕೆಲವು ವಾರಗಳವರೆಗೆ ಹಿಡಿಯುತ್ತದೆ. ಅಷ್ಟರೊಳಗೆ ಇನ್ನೊಂದು ಪೆಟ್ಟು ಬಿದ್ದರೆ, ಅದು ಮೊದಲಿನಷ್ಟು ಬಲವಾಗಿಲ್ಲದಿದ್ದರೂ, ಹಾನಿ ಹೆಚ್ಚು. ಅಮೆರಿಕದ ಕಾಲೇಜು ಆಟಗಾರರ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ಒಂದೇ ಋತುವಿನಲ್ಲಿ ಎರಡನೆಯ ಸಲ ಕನ್‌ಕಷನ್ನಿಗೆ ಗುರಿಯಾದ 12 ಪ್ರಸಂಗಗಳ ಪೈಕಿ 11 ಮೊದಲ ಪೆಟ್ಟಾದ ಹತ್ತು ದಿನಗಳೊಳಗೇ ಸಂಭವಿಸಿದ್ದುವು. ಹಿಂದೆ ಮೂರು ಅಥವಾ ಹೆಚ್ಚು ಸಲ ಪೆಟ್ಟು ತಿಂದವರಿಗೆ ಮತ್ತೊಂದು ಕನ್‌ಕಷನ್ ಆಗುವ ಸಂಭವವು ಎಂದೂ ಆಗದವರಿಗಿಂತ ಮೂರರಷ್ಟಿದ್ದಿತು.

ಮೂರು ಎಂಬ ಈ ಸಂಖ್ಯೆಗೆ ವೈದ್ಯರಲ್ಲಿ ಹಳೆಯ ಮನ್ನಣೆಯುಂಟು. ಹಾರ್ವರ್ಡ್ ವಿಶ್ವವಿದ್ಯಾಲಯದ ಆಟಗಾರರನ್ನು ನೋಡಿಕೊಳ್ಳುತ್ತಿದ್ದ ಶಸ್ತ್ರವೈದ್ಯ ಥಾರ್ನ್‌ಡೈಕ್ ಅವರು 1952ರಲ್ಲಿಯೇ, ಮೂರು ಕನ್‌ಕಷನ್‌ಗಳಾದವನು ಮೈಗೆ ಮೈ ತಾಗುವ ಆಟಗಳನ್ನು ಬಿಟ್ಟುಬಿಡತಕ್ಕದ್ದೆಂದು ಬರೆದರು. ಬಹುಕಾಲ ಇದು ಒಂದು ಸೂತ್ರದಂತೆ ನಡೆದುಬಂದಿತು. ಎಣಿಸಲು ಸುಲಭ, ನೆನಪಿಡಲು ಸುಲಭ. ಆದರೆ ಮೂರೇ ಏಕೆ, ಎರಡೋ ನಾಲ್ಕೋ ಏಕಲ್ಲ ಎಂಬುದಕ್ಕೆ ಪ್ರಯೋಗದ ಆಧಾರವೇನೂ ಇರಲಿಲ್ಲ. ಅದಕ್ಕಿಂತ ದೊಡ್ಡ ತೊಡಕೆಂದರೆ, ಎಣಿಕೆಗೆ ಸಿಕ್ಕುವುದು ಯಾರಾದರೂ ಕಂಡ ಪೆಟ್ಟು ಮಾತ್ರ. ಆಟಗಾರನು ಮುಚ್ಚಿಟ್ಟುದು, ಶಿಕ್ಷಕನು ಕಾಣದೆ ಹೋದುದು, ಲಕ್ಷಣವನ್ನೇ ತೋರದೆ ಹೋದುದು ಲೆಕ್ಕಕ್ಕೆ ಬರುವುದಿಲ್ಲ.

ಲೆಕ್ಕಕ್ಕೆ ಬಾರದ ಈ ಪೆಟ್ಟುಗಳು ಏನಾಗುತ್ತವೆ? ಈ ಪ್ರಶ್ನೆಯು ಗಂಭೀರವಾಗಿ ಎದ್ದುದು ಒಂದು ಶವಪರೀಕ್ಷೆಯಿಂದ. ಪಿಟ್ಸ್‌ಬರ್ಗಿನ ತಂಡದ ಮುಂಚೂಣಿಯ ಆಟಗಾರ ಮೈಕ್ ವೆಬ್‌ಸ್ಟರ್ 17 ಋತುಗಳ ಕಾಲ ವೃತ್ತಿಯಲ್ಲಿದ್ದು, ನಾಲ್ಕು ಬಾರಿ ಅಗ್ರಪ್ರಶಸ್ತಿಯನ್ನು ಗೆದ್ದ ತಂಡದಲ್ಲಿದ್ದವರು. ಆಟದಿಂದ ನಿವೃತ್ತರಾದ ಮೇಲೆ ಅವರ ನೆನಪು ಕೆಟ್ಟಿತು, ನಡತೆ ಬದಲಾಯಿತು, ಸಂಸಾರವೂ ಹಣವೂ ಕೈಬಿಟ್ಟುಹೋದುವು. ಕೆಲಕಾಲ ತಮ್ಮ ಟ್ರಕ್ಕಿನಲ್ಲಿಯೇ ಮಲಗುತ್ತಿದ್ದ ಅವರು 2002ರಲ್ಲಿ, 50ನೆಯ ವಯಸ್ಸಿನಲ್ಲಿ ತೀರಿಕೊಂಡರು. ಶವಪರೀಕ್ಷೆ ಮಾಡಿದ ನೈಜೀರಿಯ ಮೂಲದ ವೈದ್ಯ ಬೆನೆಟ್ ಒಮಾಲು ಅವರಿಗೆ ಮಿದುಳು ಬರಿಗಣ್ಣಿಗೆ ಸಹಜವಾಗಿಯೇ ಕಂಡಿತು. ಅವರು ಅಷ್ಟಕ್ಕೆ ಬಿಟ್ಟಿದ್ದರೆ ಈ ಅಧ್ಯಾಯವೇ ತೆರೆಯುತ್ತಿರಲಿಲ್ಲ. ತೆಳುವಾದ ಸೀಳುಗಳನ್ನು ಮಾಡಿಸಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ‘ಟೌ’ ಎಂಬ ಪ್ರೋಟೀನಿನ ಕಂದು ಗಂಟುಗಳು ಕಂಡುವು.

ಟೌ ದುಷ್ಟವಸ್ತುವಲ್ಲ. ಆರೋಗ್ಯವಂತನ ನರತಂತುಗಳ ಒಳಗಿನ ಸೂಕ್ಷ್ಮನಳಿಗೆಗಳನ್ನು ಸೋಗೆ ಮನೆಯ ಗಳುಗಳನ್ನು ಹುರಿಹಗ್ಗ ಬಿಗಿದಿರುವಂತೆ ಬಿಗಿದಿಟ್ಟಿರುವುದೇ ಅದು. ಪೆಟ್ಟುಗಳಿಂದ ಕಟ್ಟು ಬಿಚ್ಚಿದ ಟೌ ತನ್ನೊಳಗೇ ಸಿಕ್ಕುಸಿಕ್ಕಾಗಿ ಗಂಟುಬೀಳುತ್ತದೆ. ಗಂಟುಗಳು ಮಿದುಳಿನ ಮಡಿಕೆಗಳ ತಳದಲ್ಲಿ, ಸಣ್ಣ ರಕ್ತನಾಳಗಳ ಸುತ್ತ ಮೊದಲು ಕಾಣಿಸಿಕೊಂಡು, ವರ್ಷಗಳು ಕಳೆದಂತೆ ಹಬ್ಬುತ್ತವೆ. ಮಿದುಳಿನಲ್ಲಿ ಪದರಗಳು ಅತಿ ಹೆಚ್ಚು ಜಾರುವ ಸ್ಥಳವೂ ಮಡಿಕೆಗಳ ತಳವೇ ಎಂಬುದು ಗಮನಾರ್ಹ. ಈ ರೋಗಕ್ಕೆ ‘ದೀರ್ಘಕಾಲಿಕ ಆಘಾತಜನ್ಯ ಮಿದುಳುವ್ಯಾಧಿ’ ಎಂದು ಹೆಸರು; ಸಂಕ್ಷೇಪವಾಗಿ ಸಿ.ಟಿ.ಇ. ಮುಷ್ಟಿಮಲ್ಲರಲ್ಲಿ ಇಂಥದೊಂದು ಸ್ಥಿತಿಯಿರುವುದನ್ನು ಮಾರ್ಟ್‌ಲ್ಯಾಂಡ್ ಎಂಬ ಅಮೆರಿಕದ ವೈದ್ಯರು 1928ರಷ್ಟು ಹಿಂದೆಯೇ ವರ್ಣಿಸಿದ್ದರು. ಫುಟ್‌ಬಾಲ್ ಆಟಗಾರನಲ್ಲಿ ಅದು ಕಂಡುದನ್ನು ಒಮಾಲು ಮತ್ತು ಅವರ ಸಹೋದ್ಯೋಗಿಗಳು 2005ರಲ್ಲಿ ಪ್ರಕಟಿಸಿದಾಗ, ಲೀಗಿನ ವೈದ್ಯಸಮಿತಿಯು ಆ ಲೇಖನವನ್ನೇ ಹಿಂತೆಗೆದುಕೊಳ್ಳಬೇಕೆಂದು ಪತ್ರಿಕೆಗೆ ಬರೆಯಿತು. ಲೇಖನ ಉಳಿಯಿತು. ಮುಂದೆ ಸಾವಿರಾರು ಮಾಜಿ ಆಟಗಾರರು ಲೀಗಿನ ಮೇಲೆ ದಾವೆ ಹೂಡಿದರು. 2015ರಲ್ಲಿ ನ್ಯಾಯಾಲಯದ ಒಪ್ಪಿಗೆ ಪಡೆದ ರಾಜಿಯಂತೆ ಲೀಗು ಕೊಟ್ಟ ಪರಿಹಾರವು ನೂರು ಕೋಟಿ ಡಾಲರುಗಳನ್ನು ಮೀರಿದೆ.

ಬಾಸ್ಟನ್ ವಿಶ್ವವಿದ್ಯಾಲಯದ ಆನ್ ಮೆಕೀ ಮತ್ತು ಅವರ ಸಂಗಡಿಗರು ತೀರಿಹೋದ ಆಟಗಾರರ ಮಿದುಳುಗಳನ್ನು ದಾನವಾಗಿ ಪಡೆದು ಪರೀಕ್ಷಿಸುತ್ತಿದ್ದಾರೆ. 2017ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಜಗತ್ತನ್ನೇ ಬೆಚ್ಚಿಬೀಳಿಸಿತು. ಲೀಗಿನಲ್ಲಿ ಆಡಿದ್ದ 111 ಮಂದಿಯಲ್ಲಿ 110 ಮಂದಿಗೆ ಸಿ.ಟಿ.ಇ. ಇದ್ದಿತು! ಇದನ್ನು ಓದಿ, ನೂರಕ್ಕೆ ತೊಂಬತ್ತೊಂಬತ್ತು ಆಟಗಾರರಿಗೆ ಈ ರೋಗ ಖಚಿತವೆಂದು ತಿಳಿಯುವುದು ಸರಿಯಲ್ಲ. ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಮಿದುಳನ್ನು ದಾನ ಮಾಡುವವರು ಯಾರು? ಬದುಕಿದ್ದಾಗ ಮರೆವು, ಕೋಪ, ಖಿನ್ನತೆಗಳಿಂದ ನರಳಿದವರ ಮನೆಯವರೇ ಹೆಚ್ಚಾಗಿ. ಆಸ್ಪತ್ರೆಯ ಬಾಗಿಲಲ್ಲಿ ನಿಂತು ಎಣಿಸಿದವನಿಗೆ ಊರೆಲ್ಲ ರೋಗಿಗಳೇ ಎಂದು ತೋರುವುದು ಸಹಜ. ಆದರೂ ಆ ಸಂಖ್ಯೆಯನ್ನು ತಳ್ಳಿಹಾಕುವಂತಿಲ್ಲ. ಸಾಮಾನ್ಯ ಜನರ 164 ಮಿದುಳುಗಳನ್ನು ಇದೇ ಕೇಂದ್ರದವರು ಪರೀಕ್ಷಿಸಿದಾಗ ಸಿ.ಟಿ.ಇ. ಕಂಡುದು ಒಂದೇ ಒಂದರಲ್ಲಿ. ಆ ಒಬ್ಬಾತನೂ ಕಾಲೇಜಿನಲ್ಲಿ ಫುಟ್‌ಬಾಲ್ ಆಡಿದವನೇ.

ನಮ್ಮ ಪ್ರಶ್ನೆಗೆ ಹೆಚ್ಚು ಉಪಯುಕ್ತವಾದುವು ಅನಂತರದ ಎರಡು ಅಧ್ಯಯನಗಳು. ಇವುಗಳಲ್ಲಿ ಆಟಗಾರರನ್ನು ಆಟಗಾರರೊಡನೆಯೇ ಹೋಲಿಸಲಾಗಿದೆ. 266 ಮಂದಿಯ ಮಿದುಳುಗಳನ್ನು ನೋಡಿ 2019ರಲ್ಲಿ ಪ್ರಕಟಿಸಿದ ಮೊದಲನೆಯದರ ಪ್ರಕಾರ, ಆಡಿದ ಪ್ರತಿಯೊಂದು ವರ್ಷಕ್ಕೂ, ರೋಗವಿರುವವರಿಗೂ ಇಲ್ಲದವರಿಗೂ ಇರುವ ಪ್ರಮಾಣವು ನೂರಕ್ಕೆ ಮೂವತ್ತರಂತೆ ಏರುತ್ತದೆ. ಇದು ಸರಳಬಡ್ಡಿಯಲ್ಲ, ಚಕ್ರಬಡ್ಡಿ. ಲಾಗರಿತಮ್ ಕೋಷ್ಟಕವನ್ನು ಬಲ್ಲ ವಾಚಕರು 1.3 ಎಂಬುದನ್ನು ಎಷ್ಟನೆಯ ಘಾತಕ್ಕೆ ಏರಿಸಿದರೆ 2 ಬರುವುದೆಂದು ಲೆಕ್ಕ ಹಾಕಿ ನೋಡಬಹುದು: ಸುಮಾರು 2.6. ಅಂದರೆ ಎರಡೂವರೆ ವರ್ಷಕ್ಕೆ ಸ್ವಲ್ಪ ಮೇಲೆ ಆಡುವಷ್ಟರಲ್ಲಿ ಅಪಾಯದ ಪ್ರಮಾಣ ಇಮ್ಮಡಿಯಾಗುತ್ತದೆ. 631 ಮಿದುಳುಗಳನ್ನು ಕುರಿತ ಎರಡನೆಯ ಅಧ್ಯಯನ 2023ರದು. ಅದರಲ್ಲಿ ರೋಗವನ್ನು ಊಹಿಸಲು ಅತ್ಯಂತ ಸಹಾಯಕವಾದುದು ಜೀವಮಾನದಲ್ಲಿ ತಲೆಗೆ ಬಿದ್ದ ಎಲ್ಲ ಪೆಟ್ಟುಗಳ ಬಲದ ಒಟ್ಟು ಮೊತ್ತ. ಕನ್‌ಕಷನ್‌ಗಳ ಎಣಿಕೆಯೊಂದರಿಂದಲೇ ಏನನ್ನೂ ಊಹಿಸಲು ಸಾಧ್ಯವಾಗಲಿಲ್ಲ.

ಮುಂಚೂಣಿಯ ಸಾಲಿನಲ್ಲಿ ನಿಲ್ಲುವವನು ಒಂದೇ ಋತುವಿನಲ್ಲಿ ಸಾವಿರಕ್ಕಿಂತ ಹೆಚ್ಚು ಬಾರಿ ತಲೆಗೆ ಪೆಟ್ಟು ತಿನ್ನಬಹುದೆಂಬುದು ಶಿರಸ್ತ್ರಾಣದೊಳಗೆ ಅಳತೆಯ ಸಲಕರಣೆಗಳನ್ನಿಟ್ಟು ಮಾಡಿದ ಪರೀಕ್ಷೆಗಳಿಂದ ತಿಳಿದಿದೆ. ಅವುಗಳಲ್ಲಿ ಕನ್‌ಕಷನ್ ಎನಿಸಿಕೊಳ್ಳುವುದು ಒಂದೋ ಎರಡೋ. ಉಳಿದುವನ್ನು ಅವನು ಪೆಟ್ಟೆಂದೇ ಭಾವಿಸುವುದಿಲ್ಲ. ಜಮಾಖರ್ಚಿನ ಪುಸ್ತಕದಲ್ಲಿ ದೊಡ್ಡ ರಕಮುಗಳನ್ನು ಮಾತ್ರ ಬರೆದು ಚಿಲ್ಲರೆಯನ್ನು ಬಿಟ್ಟವನಿಗೆ ತನ್ನ ಸಾಲವೆಷ್ಟೆಂದು ತಿಳಿಯುವುದು ಹೇಗೆ? ಆದುದರಿಂದ ‘ಎಷ್ಟನೆಯ ಕನ್‌ಕಷನ್ನಿಗೆ ನಿವೃತ್ತನಾಗಬೇಕು?’ ಎಂಬುದು ತಪ್ಪು ಪುಟವನ್ನು ತೆರೆದು ಕೇಳುವ ಪ್ರಶ್ನೆ ಎಂದು ನಾವು ಭಾವಿಸುತ್ತೇವೆ. ಕೇಳಬೇಕಾದುದು, ಇನ್ನು ಎಷ್ಟು ವರ್ಷ ತಲೆಯನ್ನು ಒಡ್ಡುವುದು ಎಂದು.

ಈ ಲೆಕ್ಕವನ್ನು ಸರಿಯಾಗಿ ಓದಿಕೊಂಡವರಲ್ಲಿ ಕ್ರಿಸ್ ಬೋರ್ಲಂಡ್ ಒಬ್ಬರು. 2014ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ತಂಡವನ್ನು ಸೇರಿ, ಮೊದಲ ಋತುವಿನಲ್ಲಿಯೇ ಹೆಸರು ಪಡೆದ ಈ ತರುಣ 2015ರ ಮಾರ್ಚಿಯಲ್ಲಿ, 24ನೆಯ ವಯಸ್ಸಿನಲ್ಲಿ ಆಟವನ್ನು ಬಿಟ್ಟರು. ತಂಡ ಸೇರುವಾಗ ಪಡೆದ ಸಹಿಹಣದಲ್ಲಿ ಮುಕ್ಕಾಲು ಭಾಗವನ್ನು ಹಿಂದಿರುಗಿಸಿದರು. ಅವರಿಗೆ ಅದುವರೆಗೆ ಆಗಿದ್ದುವೆಂದು ತಿಳಿದ ಕನ್‌ಕಷನ್‌ಗಳು ಎರಡೇ, ಅವೂ ಶಾಲಾದಿನಗಳವು. ಹಳೆಯ ಮೂರರ ಸೂತ್ರದ ಪ್ರಕಾರ ಅವರು ಧಾರಾಳವಾಗಿ ಆಡಬಹುದಾಗಿತ್ತು. ಲೂಕ್ ಕೀಕ್ಲಿ 2015, 2016, 2017 ಈ ಮೂರು ವರ್ಷಗಳಲ್ಲಿಯೂ ಪೆಟ್ಟು ತಿಂದು, ಎಂಟು ಋತುಗಳಾದ ಮೇಲೆ 2020ರ ಜನವರಿಯಲ್ಲಿ, 28ನೆಯ ವಯಸ್ಸಿನಲ್ಲಿ ನಿವೃತ್ತರಾದರು. ಇನ್ನೊಂದು ಕಡೆಗೆ ಸ್ಟೀವ್ ಯಂಗ್ ಅವರನ್ನು ನೋಡಿ. ಕನಿಷ್ಠ ಏಳು ಕನ್‌ಕಷನ್‌ಗಳಾಗಿ, 1999ರ ಸೆಪ್ಟೆಂಬರಿನ ಒಂದು ಪಂದ್ಯದಲ್ಲಿ ಪ್ರಜ್ಞೆ ತಪ್ಪಿ ಬಿದ್ದ ಮೇಲೆಯೇ ಅವರ ಆಟ ನಿಂತಿತು. ಆ ಬಳಿಕ ಅವರು ಎರಡು ದಶಕಗಳಿಗೂ ಮಿಕ್ಕಿ ಟೆಲಿವಿಷನ್ನಿನಲ್ಲಿ ಆಟದ ವ್ಯಾಖ್ಯಾನಕಾರರಾಗಿ ಸರಾಗವಾಗಿ ಮಾತನಾಡಿದರು.

ಏಳು ಪೆಟ್ಟು ತಿಂದವರು ನೆಟ್ಟಗಿರುವಾಗ ಬೋರ್ಲಂಡ್ ಹೆದರಿದ್ದು ಅತಿಯಾಯಿತಲ್ಲವೆ ಎಂದು ಕೆಲವರು ಕೇಳಬಹುದು. ಬೀಡಿ ಸೇದಿಯೂ ತೊಂಬತ್ತು ವರ್ಷ ಬಾಳಿದ ಅಜ್ಜನನ್ನು ಮುಂದಿಟ್ಟು ವಾದಿಸುವ ರೀತಿ ಇದು. ಆದರೆ ಈ ವಾದದಲ್ಲಿ ಒಂದು ಸತ್ಯಾಂಶವೂ ಇದೆ. ಸಂಖ್ಯಾಶಾಸ್ತ್ರವು ಗುಂಪಿನ ಗತಿಯನ್ನು ಹೇಳುತ್ತದೆ, ಒಬ್ಬನ ಹಣೆಬರಹವನ್ನಲ್ಲ. ಸಿ.ಟಿ.ಇ. ಇದೆಯೆಂದು ನಿಶ್ಚಯವಾಗಿ ಹೇಳುವುದು ಇಂದಿಗೂ ಮರಣಾನಂತರವೇ. ಬದುಕಿರುವವರಲ್ಲಿ ಟೌ ಗಂಟುಗಳನ್ನು ಚಿತ್ರದ ಮೂಲಕವೋ ರಕ್ತಪರೀಕ್ಷೆಯ ಮೂಲಕವೋ ಪತ್ತೆಹಚ್ಚುವ ಯತ್ನಗಳು ನಡೆದಿವೆ; ಆಟಗಾರನೊಬ್ಬನ ಕೈಗೆ ಕೊಡಬಹುದಾದ ಉತ್ತರ ಇನ್ನೂ ದೊರೆತಿಲ್ಲ. ಹೀಗಿರುವಾಗ, ಕಾಣದ ರೋಗದ ಭಯದಿಂದ ಕಣ್ಣೆದುರಿನ ಜೀವನವನ್ನು ಬಿಡು ಎಂದು ಇನ್ನೊಬ್ಬನಿಗೆ ಹೇಳುವುದು ಸುಲಭವಲ್ಲ. ಹಲವರಿಗೆ ಈ ಆಟವೇ ಬಡತನದಿಂದ ಪಾರಾಗುವ ಹಾದಿ ಎಂಬುದನ್ನೂ ಮರೆಯಲಾಗದು.

ಮಯಾಮಿ ತಂಡದಲ್ಲಿದ್ದ ಟುವ ಟಾಗೋವೈಲೋವ ಅವರ ವಿಷಯದಲ್ಲಿ ಇದೆಲ್ಲವೂ ಸಾರ್ವಜನಿಕವಾಗಿಯೇ ನಡೆಯಿತು. 2022ರ ಸೆಪ್ಟೆಂಬರ್ 25ರಂದು ಅವರು ಪೆಟ್ಟು ತಿಂದು ಎದ್ದಾಗ ಎಲ್ಲರೆದುರು ತೂರಾಡಿದರು. ಅದಕ್ಕೆ ಬೆನ್ನುನೋವು ಕಾರಣವೆಂದು ನಿರ್ಧರಿಸಿ ಅವರನ್ನು ಮತ್ತೆ ಆಡಗೊಟ್ಟರು. ನಾಲ್ಕೇ ದಿನಗಳ ಮೇಲೆ ಇನ್ನೊಂದು ಪಂದ್ಯದಲ್ಲಿ ತಲೆ ನೆಲಕ್ಕೆ ಬಡಿದು, ಕೈಬೆರಳುಗಳು ಮುಖದ ಮುಂದೆ ಸೆಟೆದು ನಿಂತುವು. ಮಿದುಳಿನ ಕಾಂಡಕ್ಕೆ ಆಘಾತವಾದಾಗ ಕಾಣುವ ಲಕ್ಷಣವಿದು. ಆ ಬಳಿಕ ಲೀಗು ತನ್ನ ನಿಯಮವನ್ನು ಬದಲಿಸಿ, ತೂರಾಡಿದವನು ಅಂದು ಮತ್ತೆ ಆಡಕೂಡದೆಂದು ವಿಧಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರಿಗೆ ಮತ್ತೊಂದು ಕನ್‌ಕಷನ್. 2024ರ ಸೆಪ್ಟೆಂಬರಿನಲ್ಲಿ ಇನ್ನೊಂದು. ಆ ವರ್ಷದ ಜುಲೈಯಲ್ಲಿ ಅವರು ನಾಲ್ಕು ವರ್ಷಗಳಿಗೆ 21 ಕೋಟಿ ಡಾಲರುಗಳಿಗೂ ಮಿಕ್ಕ ಒಪ್ಪಂದಕ್ಕೆ ಸಹಿ ಹಾಕಿದ್ದರು. ನಿವೃತ್ತರಾಗಬೇಕೆಂದು ಅನೇಕರು ಬಹಿರಂಗವಾಗಿ ಕೇಳಿಕೊಂಡರು. ನಾಲ್ಕು ಪಂದ್ಯಗಳನ್ನು ತಪ್ಪಿಸಿಕೊಂಡು ಅವರು ಅಕ್ಟೋಬರಿನಲ್ಲಿ ಮರಳಿ ಕಣಕ್ಕಿಳಿದರು.

ವೈದ್ಯರು ಇಂದು ಯಾವ ಒಂದು ಸಂಖ್ಯೆಯನ್ನೂ ಗೆರೆಯಾಗಿ ಎಳೆಯುವುದಿಲ್ಲ. ಪ್ರತಿಯೊಬ್ಬನನ್ನೂ ಬೇರೆಯಾಗಿಯೇ ಪರೀಕ್ಷಿಸಿ ಕೆಲವು ಚಿಹ್ನೆಗಳನ್ನು ಹುಡುಕುತ್ತಾರೆ. ಮೊದಲು ದೊಡ್ಡ ಪೆಟ್ಟಿಗೆ ಆಗುತ್ತಿದ್ದುದು ಈಗ ಸಣ್ಣ ಪೆಟ್ಟಿಗೇ ಆಗುತ್ತಿದೆಯೆ? ವಾರದಲ್ಲಿ ಚೇತರಿಸಿಕೊಳ್ಳುತ್ತಿದ್ದವನಿಗೆ ಈಗ ತಿಂಗಳು ಬೇಕಾಗುತ್ತಿದೆಯೆ? ಎರಡು ಪೆಟ್ಟುಗಳ ನಡುವೆ ಲಕ್ಷಣಗಳು ಪೂರ್ತಿಯಾಗಿ ಮಾಯವಾಗುವುದೇ ಇಲ್ಲವೆ? ನೆನಪಿನ ಪರೀಕ್ಷೆಯಲ್ಲಿ ಹಿಂದಿನ ಮಟ್ಟಕ್ಕೆ ಮರಳುತ್ತಿಲ್ಲವೆ? ಇವುಗಳಲ್ಲಿ ಒಂದಕ್ಕೆ ‘ಅಹುದು’ ಎಂಬ ಉತ್ತರ ಬಂದರೂ ನಿವೃತ್ತಿಯ ಮಾತನ್ನು ಎತ್ತಲೇಬೇಕು. ನಮ್ಮ ಅಭಿಪ್ರಾಯದಲ್ಲಿ, ಪದೇ ಪದೇ ಪೆಟ್ಟು ತಿಂದವನು ಇಂಥ ಚಿಹ್ನೆಗಾಗಿಯೂ ಕಾಯದೆ ಬಿಡುವುದೇ ಲೇಸು. ಕಾರಣ ಒಂದೇ. ಆಡಲು ಶಕ್ತನೋ ಅಲ್ಲವೋ ಎಂದು ತೀರ್ಮಾನಿಸಬೇಕಾದ ಅಂಗವೂ ಪೆಟ್ಟು ತಿಂದ ಅಂಗವೂ ಒಂದೇ. ಮಂಡಿ ಮುರಿದವನು ತನ್ನ ಮಂಡಿಯ ಸ್ಥಿತಿಯನ್ನು ಸ್ವಸ್ಥವಾದ ತಲೆಯಿಂದ ಯೋಚಿಸಬಲ್ಲನು. ಇಲ್ಲಿ ಆ ಅನುಕೂಲವಿಲ್ಲ. ಪರೀಕ್ಷಿಸುವ ವೈದ್ಯನು ತಂಡದ ಸಂಬಳದವನಾಗಿರಲೂ ಬಾರದು.

ಈ ವಿಷಯ ಅಮೆರಿಕದ ಆಟಕ್ಕೆ ಮಾತ್ರ ಸೀಮಿತವಲ್ಲ. ತಲೆಯಿಂದ ಚೆಂಡನ್ನು ಹೊಡೆಯುವ ನಮ್ಮ ಕಾಲ್ಚೆಂಡಾಟವನ್ನು ಕುರಿತು ಗ್ಲಾಸ್‌ಗೋದ ಸಂಶೋಧಕರು 2019ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಸ್ಕಾಟ್ಲೆಂಡಿನ 7676 ಮಾಜಿ ವೃತ್ತಿಪರ ಆಟಗಾರರಲ್ಲಿ, ನರಗಳು ಕ್ಷಯಿಸುವ ರೋಗಗಳಿಂದಾದ ಸಾವು ಸಾಮಾನ್ಯ ಜನರಲ್ಲಿರುವುದರ ಮೂರೂವರೆಯಷ್ಟಿದ್ದಿತು. ಅಂಥ ರೋಗಗಳ ಪ್ರಮಾಣವು ತಲೆಯಿಂದ ಚೆಂಡನ್ನು ಹೊಡೆಯುವ ಪ್ರಸಂಗವೇ ಕಡಮೆಯಾದ ಗೋಲುರಕ್ಷಕರಲ್ಲಿ ಸಾಮಾನ್ಯರಷ್ಟೇ ಇದ್ದು, ರಕ್ಷಣಾ ಸಾಲಿನವರಲ್ಲಿ ಎಲ್ಲರಿಗಿಂತ ಹೆಚ್ಚಿದ್ದುದು 2021ರಲ್ಲಿ ತಿಳಿದುಬಂದಿತು. ಇನ್ನು ಕ್ರಿಕೆಟ್ಟು. ಆಸ್ಟ್ರೇಲಿಯದ ವಿಲ್ ಪುಕೋವ್‌ಸ್ಕಿಯವರನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. 2021ರ ಜನವರಿಯಲ್ಲಿ ಸಿಡ್ನಿಯಲ್ಲಿ ಭಾರತದ ವಿರುದ್ಧ ಮೊದಲ ಟೆಸ್ಟ್ ಆಡಿ 62 ಓಟಗಳನ್ನು ಗಳಿಸಿದವರು ಅವರು. ಅದೇ ಅವರ ಕೊನೆಯ ಟೆಸ್ಟೂ ಆಯಿತು. ಚಿಕ್ಕಂದಿನಿಂದ ಹಲವು ಕನ್‌ಕಷನ್‌ಗಳಿಗೆ ಗುರಿಯಾಗಿ, 2024ರ ಮಾರ್ಚಿಯಲ್ಲಿ ಮತ್ತೊಮ್ಮೆ ಚೆಂಡು ಶಿರಸ್ತ್ರಾಣಕ್ಕೆ ಬಡಿದ ಮೇಲೆ, ವೈದ್ಯರ ಸಲಹೆಯಂತೆ 2025ರಲ್ಲಿ 27ನೆಯ ವಯಸ್ಸಿನಲ್ಲಿ ಅವರು ನಿವೃತ್ತರಾದರು.

ವಾಚಕರಲ್ಲಿ ಹೆಚ್ಚಿನವರು ವೃತ್ತಿಗಾಗಿ ಆಡುವವರಲ್ಲ. ಕಬಡ್ಡಿಯಲ್ಲಿಯೋ ಕ್ರಿಕೆಟ್ಟಿನಲ್ಲಿಯೋ ತಲೆಗೆ ಪೆಟ್ಟು ಬಿದ್ದ ದಿನ ಏನು ಮಾಡಬೇಕೆಂಬುದನ್ನು ಅವರು ತಿಳಿದಿದ್ದರೆ ಸಾಕು. ಕನ್‌ಕಷನ್ನಿನ ಸಂದೇಹ ಬಂದವನು ಆ ದಿನ ಮತ್ತೆ ಆಡಕೂಡದು. ವಾಂತಿ ಮರುಕಳಿಸಿದರೆ, ತಲೆನೋವು ಏರುತ್ತ ಹೋದರೆ, ಮಂಪರು ಕವಿದರೆ, ಕೈಕಾಲು ಜೋಮುಹಿಡಿದರೆ ಒಡನೆ ಆಸ್ಪತ್ರೆಗೆ ಹೋಗಬೇಕು. ಇಲ್ಲವಾದರೂ ವೈದ್ಯರಿಗೆ ತೋರಿಸಿ, ಒಂದೆರಡು ದಿನ ಹಗುರವಾಗಿದ್ದು, ಅನಂತರ ನಡಿಗೆ, ಮೆಲ್ಲನೆಯ ಓಟ, ಮೈ ತಾಗದ ಅಭ್ಯಾಸ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಒಂದೊಂದು ಮೆಟ್ಟಿಲಿಗೂ ಕಡಮೆಯೆಂದರೆ ಒಂದು ದಿನ ಬೇಕು. ಮೈ ತಾಗುವ ಅಭ್ಯಾಸಕ್ಕೆ ಇಳಿಯುವ ಮೊದಲು ಲಕ್ಷಣಗಳೆಲ್ಲ ಪೂರ್ತಿಯಾಗಿ ಅಡಗಿ, ವೈದ್ಯರ ಒಪ್ಪಿಗೆ ದೊರೆತಿರಬೇಕು. ಪಾಠಗಳಿಗೆ ಹಿಂದಿನಂತೆ ಮರಳುವುದು ಮೊದಲು. ಪಂದ್ಯಕ್ಕೆ ಮರಳುವುದು ಅದಾದ ಮೇಲೆ.